ಹೆಂಚು ಕೈಯಾಡಿಸುವ ಕಾಲ

ಯುಗಾದಿ ಕಳೆದು ಅಶ್ವಿನಿ ಮಳೆಯ ದಿನಗಳು ಸಮೀಪಿಸಿದಾಗ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಮನೆಯ ಹಿರಿಯರು ಅಂಗಳದಲ್ಲಿ ನಿಂತು ಒಮ್ಮೆ ಸೂರಿನ ಕಡೆಗೆ ತಲೆಯೆತ್ತಿ ನೋಡುವುದು ವಾಡಿಕೆ. ಎಷ್ಟು ಹೆಂಚು ಜಾರಿದೆ, ಯಾವ ರೀಪು ಬಾಗಿದೆ, ಕೋತಿಗಳ ಹಿಂಡು ಯಾವ ಮೂಲೆಯನ್ನು ಹಾಳುಗೆಡವಿದೆ ಎಂಬುದನ್ನೆಲ್ಲ ಆ ಒಂದು ನೋಟದಲ್ಲಿಯೇ ಅವರು ಲೆಕ್ಕ ಹಾಕಿಬಿಡುತ್ತಾರೆ. ಭರಣಿ ಮಳೆ ಬೀಳುವುದರೊಳಗೆ ಹೆಂಚು ಕೈಯಾಡಿಸಿ ಮುಗಿಸಬೇಕು. ತಡವಾದರೆ ಅಟ್ಟದ ಮೇಲಿನ ರಾಗಿಯೂ, ಗೋಡೆಯ ಗೂಡಿನಲ್ಲಿಟ್ಟ ಮಕ್ಕಳ ಪುಸ್ತಕಗಳೂ ನೆನೆದುಹೋಗುತ್ತವೆ.

‘ಕೈಯಾಡಿಸುವುದು’ ಎಂಬ ಮಾತನ್ನು ಗಮನಿಸಿರಿ. ಅಡಿಗೆಯ ಮನೆಯಲ್ಲಿ ಪಾತ್ರೆಯ ತಳ ಹಿಡಿಯದಂತೆ ಸೌಟಿನಿಂದ ತಿರುವುವುದಕ್ಕೂ ಇದೇ ಮಾತು ಬಳಕೆಯಲ್ಲಿದೆ. ತಳ ಹಿಡಿದ ಮೇಲೆ ಎಷ್ಟು ತಿರುವಿದರೂ ಸುಟ್ಟ ವಾಸನೆ ಹೋಗುವುದಿಲ್ಲ. ಮಾಡಿನ ಮೇಲಿನ ಕೆಲಸವೂ ಅಂತಹುದೇ. ಹೊಸದನ್ನು ಹೊದಿಸುವುದಕ್ಕಿಂತ ಇರುವುದನ್ನು ಎತ್ತಿ, ಕೊಡವಿ, ಮತ್ತೆ ಅದರ ಸ್ಥಾನದಲ್ಲಿ ಕೂರಿಸುವುದೇ ಇದರಲ್ಲಿ ಮುಖ್ಯ.

ನಮ್ಮ ಸೀಮೆಯಲ್ಲಿ ಮನೆಗಳಿಗೆ ಹೆಚ್ಚು ಹಾನಿಯಾಗುವುದು ಮುಂಗಾರಿನ ನಡುಗಾಲದಲ್ಲಲ್ಲ. ಮುಂಗಾರು ಕಾಲಿಡುವುದಕ್ಕೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಬಿಸಿಲಿಗೆ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ. ಕಡಲ ಕಡೆಯಿಂದ ಬಂದ ತೇವಾಂಶವೂ ಅದರೊಡನೆ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಕೋಟೆಯಂತಹ ಕರಿಮೋಡಗಳು ಕಟ್ಟುತ್ತವೆ. ಮೋಡದ ಮೇಲ್ಭಾಗದಲ್ಲಿ ಚಳಿ ಎಷ್ಟು ಕಠಿಣವೆಂದರೆ ನೀರಿನ ಹನಿಗಳು ಹೆಪ್ಪುಗಟ್ಟಿ ಆಲಿಕಲ್ಲುಗಳಾಗುತ್ತವೆ. ಮಳೆ ಸುರಿಯತೊಡಗಿದಾಗ ಮೇಲಿನ ತಣ್ಣನೆಯ ಗಾಳಿಯೂ ಭಾರವಾಗಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಚಿಮ್ಮುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಬರುವ ಆ ತಂಪು ಬಿರುಗಾಳಿ ಇದೇ. ಅದರ ಆರ್ಭಟ ಬಹಳ ಹೊತ್ತಿನದಲ್ಲ. ಗುಬ್ಬಿಯ ಕಡೆ ತೆಂಗಿನ ಮರಗಳು ಬುಡಮೇಲಾಗುವುದಕ್ಕೂ, ಕುಣಿಗಲ್ಲಿನ ಬಯಲಿನಲ್ಲಿ ಕೊಟ್ಟಿಗೆಯ ಶೀಟುಗಳು ಹಾರಿ ಮೂರನೆಯ ಹೊಲದಲ್ಲಿ ಬೀಳುವುದಕ್ಕೂ ಅಷ್ಟೇ ಹೊತ್ತು ಸಾಕು.

ಒಂದು ಸೀಮೆಯ ಮಾಡುಗಳನ್ನು ನೋಡಿಯೇ ಅಲ್ಲಿನ ಮಳೆಯನ್ನು ಊಹಿಸಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಕಡೆ ಮಾಡು ಕಡಿದಾಗಿ ಇಳಿದು, ಸೂರು ಗೋಡೆಗಿಂತ ಬಹಳ ಮುಂದಕ್ಕೆ ಚಾಚಿರುತ್ತದೆ. ಅದರ ಹತ್ತನೆಯ ಒಂದು ಪಾಲಿನಷ್ಟು ಮಳೆಯನ್ನೂ ಕಷ್ಟದಿಂದ ಕಾಣುವ ಪಾವಗಡ, ಶಿರಾ, ಮಧುಗಿರಿಗಳಲ್ಲಿ ಹಳೆಯ ಮನೆಗಳೆಲ್ಲ ಚಪ್ಪಟೆಯ ಮಾಳಿಗೆ ಮನೆಗಳು. ದಕ್ಷಿಣಕ್ಕೆ, ಗುಬ್ಬಿ ಕುಣಿಗಲ್ಲುಗಳ ಕಡೆಗೆ ಬಂದಂತೆ ಇಳಿಜಾರಿನ ಹೆಂಚಿನ ಮನೆಗಳು ಹೆಚ್ಚುತ್ತವೆ. ತೋಟದ ಸಾಲಿನಲ್ಲಿ ತೆಂಗಿನ ಗರಿ, ಅಡಕೆಯ ಸೋಗೆ ಹೊದಿಸಿದ ಗುಡಿಸಲುಗಳೂ ಕಾಣುತ್ತಿದ್ದವು. ಸೋಗೆಯ ಮಾಡು ತಂಪು, ಅಗ್ಗ. ಆದರೆ ಒಂದೆರಡು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ, ಬೆಂಕಿಗಂತೂ ಅದು ಸಿದ್ಧಪಡಿಸಿಟ್ಟ ಆಹಾರ. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಹುಲ್ಲುಮಾಡಿಗೆ ಬೆಂಕಿ ಹತ್ತಿ ೯೪ ಮಂದಿ ಮಕ್ಕಳು ಅಸುನೀಗಿದರು.

ಮಾಳಿಗೆಯ ಮನೆಯನ್ನು ಕೇವಲ ಮಣ್ಣಿನ ರಾಶಿಯೆಂದು ತಿಳಿಯಬಾರದು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತೆ, ಜಂತೆಗಳ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ತುಳಿದು ಗಟ್ಟಿಮಾಡಿದ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣಿನ ತೆಳುವಾದ ಹೊದಿಕೆ. ಬೇಸಾಯಕ್ಕೆ ನಾಲಾಯಕ್ಕೆಂದು ರೈತನು ಬೈಯುವ ಆ ಕರಲು ಮಣ್ಣೇ ಇಲ್ಲಿ ಮನೆ ಕಾಯುವ ಕಾವಲುಗಾರ. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ, ಮಣ್ಣು ನೆನೆದೊಡನೆ ಜೇಡಿಯ ಅತಿ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಚದುರಿ, ಸಂದುಗಳಲ್ಲಿ ಸೇರಿಕೊಂಡು ನೀರಿನ ದಾರಿಯನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ನೀರು ಇಳಿಯದಂತೆ ತಡೆಯುತ್ತದೆ. ಈ ಮಾತನ್ನು ರಸಾಯನಶಾಸ್ತ್ರದ ಪುಸ್ತಕ ಹೇಳುವುದಕ್ಕೆ ಬಹು ಹಿಂದೆಯೇ ನಮ್ಮ ಹಳ್ಳಿಗರು ಕೈಯಿಂದ ಕಂಡುಕೊಂಡಿದ್ದರು.

ಆದರೆ ಈ ಮಾಳಿಗೆಯಲ್ಲಿಯೇ ಒಂದು ಅಪಾಯವೂ ಅಡಗಿದೆ. ವರ್ಷ ವರ್ಷವೂ ಮಳೆಗೆ ಮುಂಚೆ ಹೊಸ ಮಣ್ಣು ಹೊದಿಸುವ ರೂಢಿಯಿದೆ. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದರೆ ಏನಾಗುತ್ತದೆ? ಒಂದು ಅಂಗುಲ ದಪ್ಪದ ಹಸಿಮಣ್ಣು ಒಂದು ಚದರ ಮೀಟರಿಗೆ ಸುಮಾರು ೪೫ ಕಿಲೋಗ್ರಾಂ ತೂಗುತ್ತದೆ. ವರ್ಷಕ್ಕೆ ಅರ್ಧ ಅಂಗುಲದಂತೆ ಇಪ್ಪತ್ತು ವರ್ಷ ಹಾಕಿದರೆ ಹತ್ತು ಅಂಗುಲ. ಎಂದರೆ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆಯ ನೆತ್ತಿಯ ಮೇಲೆ ನಾಲ್ಕು ಟನ್ನಿಗೂ ಹೆಚ್ಚಿನ ಹೊಸ ಭಾರ! ಕೆಳಗಿನ ತೊಲೆಯಾದರೋ ಅಷ್ಟು ವರ್ಷಗಳಲ್ಲಿ ಗೆದ್ದಲಿಗೆ ಸಿಕ್ಕಿ ಮೊದಲಿನ ಬಲವನ್ನು ಕಳೆದುಕೊಂಡಿರುತ್ತದೆ. ನಾಲ್ಕು ದಿನ ಜಡಿಮಳೆ ಹಿಡಿದು ಮಣ್ಣೂ ಗೋಡೆಯೂ ನೀರು ಕುಡಿದ ಮೇಲೆ, ಮಳೆ ನಿಂತ ರಾತ್ರಿ ಮಾಳಿಗೆ ಕುಸಿಯಿತೆಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆದುದರಿಂದ ಬಲ್ಲವರು ಹೊಸ ಮಣ್ಣು ಹಾಕುವ ಮುನ್ನ ಹಳೆಯದನ್ನು ಕೆರೆದು ಇಳಿಸುತ್ತಾರೆ; ತೊಲೆಗೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ; ನೀರು ಹೊರಚೆಲ್ಲುವ ದೋಣಿಯ ಬಾಯಿಯಲ್ಲಿ ಕಸ ಕಟ್ಟದಂತೆ ನೋಡಿಕೊಳ್ಳುತ್ತಾರೆ.

ಇನ್ನು ನಾಡಹೆಂಚಿನ ಮನೆ. ನಾಡಹೆಂಚನ್ನು ಮಾಡುವವನು ಕುಂಬಾರ. ತಿಗರಿಯ ಮೇಲೆ ಒಂದು ಕಡೆ ತುಸು ಕಿರಿದಾದ ಕೊಳವೆಯನ್ನೆತ್ತಿ, ಅದು ಹಸಿಯಿರುವಾಗಲೇ ಉದ್ದಕ್ಕೆ ಎರಡಾಗಿ ಸೀಳಿ, ಒಣಗಿಸಿ ಸುಡುತ್ತಾನೆ. ಒಂದು ಸಾಲು ಬಾಯಿ ಮೇಲಾಗಿ, ಅದರ ಅಂಚುಗಳನ್ನು ಮುಚ್ಚುವಂತೆ ಇನ್ನೊಂದು ಸಾಲು ಬಾಯಿ ಕೆಳಗಾಗಿ ಕೂರುತ್ತದೆ. ಇವನ್ನು ಹಿಡಿದಿಡಲು ಮೊಳೆಯಿಲ್ಲ, ಹಗ್ಗವಿಲ್ಲ. ತನ್ನ ಭಾರವೂ ನೆರೆಯವನ ಒತ್ತಾಸೆಯೂ ಇಷ್ಟೇ ಆಧಾರ. ಬೆಕ್ಕು ಓಡಿದರೂ, ತೆಂಗಿನ ಕಾಯಿ ಬಿದ್ದರೂ, ಗಾಳಿ ಅಲುಗಿಸಿದರೂ ಹೆಂಚು ಒಂದಿಷ್ಟು ಜಾರುತ್ತದೆ. ಅದಕ್ಕಾಗಿಯೇ ವರ್ಷಕ್ಕೊಮ್ಮೆ ಕೈಯಾಡಿಸಬೇಕಾಗುವುದು.

ಈ ಕೆಲಸ ಬಲ್ಲವರು ಮೇಲೇರುವ ಮೊದಲು ಮನೆಯೊಳಗೆ ಬರುತ್ತಾರೆ. ಗುಬ್ಬಿಯ ಕಡೆಯ ಇಳಿವಯಸ್ಸಿನ ಕೆಲಸಗಾರರೊಬ್ಬರು ಮನೆಯ ಯಜಮಾನಿಗೆ ಹೇಳುತ್ತಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: “ತಾಯಿ, ನೀರು ಎಲ್ಲಿ ತೊಟ್ಟಿಕ್ತು ಅಂತ ತೋರಿಸ್ಬೇಡಿ. ಮಳೆ ಹೊಡೆದಾಗ ಯಾವ ಗೋಡೆ ಮೊದಲು ನೆನೀತು, ಅದನ್ನ ಹೇಳಿ.” ಇದರಲ್ಲಿ ದೊಡ್ಡ ಅನುಭವವಿದೆ. ನೀರು ತೊಟ್ಟಿಕ್ಕುವ ಜಾಗದ ನೇರಕ್ಕೇ ಮೇಲೆ ಬಿರುಕಿರುವುದು ಅಪರೂಪ. ಒಳನುಗ್ಗಿದ ಹನಿ ಹೆಂಚಿನ ಅಡಿಗೋ ರೀಪಿಗೋ ಅಂಟಿಕೊಂಡು ಇಳಿಜಾರಿನಲ್ಲಿ ಹರಿದುಬಂದು, ಎಲ್ಲಿ ತಡೆಯುಂಟಾಗುವುದೋ ಅಲ್ಲಿ ಬೀಳುತ್ತದೆ. ಬಿರುಕನ್ನು ಹುಡುಕುವವನು ತೊಟ್ಟಿಕ್ಕುವ ಜಾಗದಿಂದ ನೆತ್ತಿಯ ಕಡೆಗೆ ಹುಡುಕುತ್ತ ಹೋಗಬೇಕು.

ಮೇಲೇರಿದ ಬಳಿಕ ನೆತ್ತಿಯಿಂದ ಕೆಳಕ್ಕೆ ಹೆಂಚು ತೆಗೆಯುತ್ತಾರೆ. ಹೊದಿಸುವಾಗ ಸೂರಿನಿಂದ ಮೇಲಕ್ಕೆ ಹೊದಿಸುತ್ತಾರೆ. ಮೇಲಿನ ಹೆಂಚು ಕೆಳಗಿನದರ ಮೇಲೆ ಹತ್ತಿ ಕೂರದಿದ್ದರೆ ನೀರು ಸಂದಿಯಲ್ಲಿ ಇಳಿಯುತ್ತದೆಯಷ್ಟೆ. ಒಮ್ಮೆಗೇ ಇಡೀ ಮಾಡನ್ನು ಬಿಚ್ಚುವುದಿಲ್ಲ. ಒಂದು ಪಟ್ಟೆಯನ್ನು ಬಿಚ್ಚಿ ಮುಗಿಸಿ ಮುಂದಿನ ಪಟ್ಟೆಗೆ ಹೋಗುತ್ತಾರೆ. ಮಧ್ಯಾಹ್ನ ಮೋಡ ಕಟ್ಟಿದರೆ ಮನೆ ಬಯಲಾಗಬಾರದು. ತೆಗೆದ ಪ್ರತಿಯೊಂದು ಹೆಂಚನ್ನೂ ಗೆಣ್ಣಿನಿಂದ ತಟ್ಟುತ್ತಾರೆ. ಗಟ್ಟಿಯಾದುದು ಕಂಚಿನಂತೆ ಟಣ್ಣೆನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಮೊದ್ದು ಸದ್ದು. ಹೆಂಚಿನ ಅಡಿಯ ಒಣಗಿದೆಲೆ, ಇಲಿಯ ಗೂಡು, ಧೂಳು ಎಲ್ಲವನ್ನೂ ಗುಡಿಸುತ್ತಾರೆ. ಬಿದಿರಿನ ಗಳ, ಅಡಕೆಯ ದಬ್ಬೆ ಮುಗ್ಗಿದ್ದರೆ ಬದಲಿಸುತ್ತಾರೆ. ಕಾಲನ್ನು ತೊಲೆ ಜಂತೆಗಳ ನೇರಕ್ಕೆ ಮಾತ್ರ ಇಡುತ್ತಾರೆ. ಇಂತಹ ಕೆಲಸಗಾರರು ಈಗ ಹುಡುಕಿದರೂ ಸಿಗುವುದು ಕಷ್ಟ. ಅವರಿಲ್ಲದುದೇ ಎಷ್ಟೋ ಒಳ್ಳೆಯ ಹೆಂಚಿನ ಮನೆಗಳು ಹಾಳಾಗುವುದಕ್ಕೆ ಕಾರಣವೆಂದು ನನ್ನ ಎಣಿಕೆ.

ಮಂಗಳೂರು ಹೆಂಚು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಜರ್ಮನಿಯಿಂದ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬುವರು ನೇತ್ರಾವತಿಯ ದಡದ ಜೇಡಿಮಣ್ಣಿನ ಗುಣವನ್ನರಿತು ಅದಕ್ಕೆ ತಳಹದಿ ಹಾಕಿದವರು. ಅಚ್ಚಿನಲ್ಲೊತ್ತಿದ ಈ ಚಪ್ಪಟೆ ಹೆಂಚಿಗೆ ಅಂಚಿನಲ್ಲಿ ಗಾಡಿಗಳಿವೆ. ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ಅಡಿಯಲ್ಲಿರುವ ಗುಬುಟು ರೀಪಿಗೆ ತಗುಲಿಕೊಂಡು ಹೆಂಚು ಜಾರದಂತೆ ಹಿಡಿಯುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿ ಕುಣಿಗಲ್ಲಿನ ಮೂಲಕವೇ ಹಾಯುವುದರಿಂದ ಈ ಸೀಮೆಗೆ ಆ ಹೆಂಚು ಅಪರಿಚಿತವಾಗಿ ಉಳಿಯಲಿಲ್ಲ. ನಿಮ್ಮ ಊರಿನ ಹಳೆಯ ಕಟ್ಟಡದಿಂದ ಇಳಿಸಿದ ಹೆಂಚು ಸಿಕ್ಕರೆ ಮಗುಚಿ ನೋಡಿರಿ. ಕಾರ್ಖಾನೆಯ ಹೆಸರು ಅದರ ಮೈಮೇಲೆಯೇ ಒತ್ತಿರುತ್ತದೆ. ಕೆಲವು ಹೆಂಚುಗಳಲ್ಲಿ ೧೮೬೫ ಎಂಬ ಅಂಕಿಯೂ ಇರುವುದುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ಇದನ್ನರಿಯದೆ ತಮ್ಮ ಮನೆಗೆ ನೂರೈವತ್ತು ವರ್ಷವೆಂದು ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ; ಅವರ ಸಂತೋಷಕ್ಕೆ ನಾನು ಅಡ್ಡಿಪಡಿಸಲಿಲ್ಲ.

ಈಚಿನ ದಶಕಗಳಲ್ಲಿ ಹೆಂಚಿನ ಸ್ಥಾನವನ್ನು ಶೀಟು ಆಕ್ರಮಿಸಿದೆ. ಹಾಕುವುದು ಸುಲಭ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ವರ್ಷ ವರ್ಷ ಕೈಯಾಡಿಸುವ ಗೊಡವೆಯಿಲ್ಲ. ಆದರೆ ಬಿರುಗಾಳಿಯ ಮುಂದೆ ಹೆಂಚಿಗೂ ಶೀಟಿಗೂ ಇರುವ ವ್ಯತ್ಯಾಸವನ್ನು ನೀವು ವಿಜ್ಞಾನದ ತರಗತಿಯಲ್ಲಿ ಕಲಿತುದರಿಂದಲೇ ಲೆಕ್ಕ ಹಾಕಬಹುದು. ಮಾಡಿನ ಮೇಲೆ ಗಾಳಿ ವೇಗವಾಗಿ ಹಾಯುವಾಗ ಅಲ್ಲಿನ ಒತ್ತಡ ಕಡಿಮೆಯಾಗುತ್ತದೆ. ಒಳಗಿನ ಗಾಳಿ ಮಾಡನ್ನು ಮೇಲಕ್ಕೆ ನೂಕುತ್ತದೆ. ಗಾಳಿ ಮಾಡನ್ನು ಹೊಡೆದು ಬೀಳಿಸುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಮಾಡನ್ನು ಹೀರಿ ಎತ್ತುತ್ತದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ೦.೬ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್ನುಗಳಲ್ಲಿ ದೊರೆಯುತ್ತದೆ. ಕಟ್ಟಡಗಳ ಭಾರವನ್ನು ಕುರಿತ ಭಾರತೀಯ ಮಾನಕ ಸಂಹಿತೆಯಲ್ಲಿರುವ ಸೂತ್ರ ಇದೇ. ಅದೇ ಸಂಹಿತೆಯಲ್ಲಿ ನೆರೆಯ ಬೆಂಗಳೂರಿಗೆ ಹೇಳಿರುವ ಮೂಲ ವೇಗ ಸೆಕೆಂಡಿಗೆ ೩೩ ಮೀಟರು. ಅದರಂತೆ ಒತ್ತಡ ಸುಮಾರು ೬೫೦ ನ್ಯೂಟನ್, ಎಂದರೆ ಚದರ ಮೀಟರಿಗೆ ೬೫ ಕಿಲೋಗ್ರಾಂ ತೂಕದಷ್ಟು. ಅಷ್ಟು ವೇಗ ಬೇಡ, ಅದರ ಅರ್ಧವನ್ನೇ, ಗಂಟೆಗೆ ಸುಮಾರು ೬೦ ಕಿಲೋಮೀಟರನ್ನೇ ಇಟ್ಟುಕೊಳ್ಳಿ. ವೇಗ ಅರ್ಧವಾದರೆ ಒತ್ತಡ ಕಾಲು ಭಾಗವಾಗುತ್ತದೆ: ೧೬ ಕಿಲೋಗ್ರಾಂ.

ಮಂಗಳೂರು ಹೆಂಚು ಒಂದೊಂದೂ ಎರಡೂವರೆ ಕಿಲೋಗ್ರಾಂ ಆಸುಪಾಸು ತೂಗುತ್ತದೆ, ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹೆಂಚು ಬೇಕು. ಹಾಗಾಗಿ ಅಲ್ಲಿ ೩೫ ಕಿಲೋಗ್ರಾಮಿಗೂ ಮೀರಿದ ಭಾರವಿದೆ. ಸಾಲದುದಕ್ಕೆ ಹೆಂಚುಗಳ ಸಂದಿಯಲ್ಲಿ ಗಾಳಿ ಸುಳಿದಾಡಿ ಒಳಹೊರಗಿನ ಒತ್ತಡವನ್ನು ಒಂದಿಷ್ಟು ಸರಿದೂಗಿಸುತ್ತದೆ. ತೆಳು ತಗಡಿನ ಶೀಟಾದರೋ ಚದರ ಮೀಟರಿಗೆ ಐದು ಕಿಲೋಗ್ರಾಂ ತೂಗಿದರೆ ಹೆಚ್ಚು. ಎಂಟಡಿ ಉದ್ದ, ಮೂರಡಿ ಅಗಲದ ಒಂದು ಶೀಟನ್ನು ಆ ಗಾಳಿ ಸುಮಾರು ೩೬ ಕಿಲೋಗ್ರಾಮಿನಷ್ಟು ಬಲದಿಂದ ಎತ್ತುತ್ತದೆ. ಶೀಟಿನ ತೂಕ ಹನ್ನೊಂದು. ಉಳಿದ ೨೫ನ್ನು ಹಿಡಿಯುವವರು ಯಾರು? ನಮ್ಮ ಜನ ಶೀಟಿನ ಮೇಲೆ ನಾಲ್ಕು ಕಲ್ಲು ಹೇರಿ ನಿಶ್ಚಿಂತರಾಗುತ್ತಾರೆ. ಐದೈದು ಕಿಲೋಗ್ರಾಮಿನ ನಾಲ್ಕು ಕಲ್ಲು ಇಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಶೀಟು ಎದ್ದೊಡನೆ ಆ ಕಲ್ಲುಗಳು ಉರುಳಿ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತವೆ. ಬಿರುಗಾಳಿಯಲ್ಲಿ ಗಾಯಗೊಂಡವರ ಕತೆಗಳಲ್ಲಿ ಕಲ್ಲಿನ ಪಾತ್ರವೇ ದೊಡ್ಡದು.

ಶೀಟನ್ನು ಹಿಡಿಯಬೇಕಾದುದು ಕಲ್ಲಲ್ಲ, ಕೊಕ್ಕೆಯ ಬೋಲ್ಟು. ಬೋಲ್ಟು ಶೀಟಿನ ಉಬ್ಬಿನಲ್ಲಿ ಹಾಯಬೇಕು. ತಗ್ಗಿನಲ್ಲಿ ತೂತು ಕೊರೆದರೆ ಮಳೆಯ ನೀರೆಲ್ಲ ಅಲ್ಲಿಯೇ ಹರಿದು ಸೋರುತ್ತದೆ. ಸೂರಿನ ಅಂಚು, ನೆತ್ತಿ ಮತ್ತು ಮೂಲೆಗಳಲ್ಲಿ ಗಾಳಿಯ ಹೀರುವಿಕೆ ಅತಿ ಹೆಚ್ಚು. ಅಲ್ಲಿ ಬೋಲ್ಟುಗಳು ಹತ್ತಿರ ಹತ್ತಿರವಿರಬೇಕು. ಬೋಲ್ಟಿನ ಕೊಕ್ಕೆ ಅಡ್ಡಪಟ್ಟಿಯನ್ನೂ, ಅಡ್ಡಪಟ್ಟಿ ತೊಲೆಯನ್ನೂ, ತೊಲೆ ಗೋಡೆಯನ್ನೂ ಬಿಗಿಯಾಗಿ ಹಿಡಿದಿರಬೇಕು. ಇವುಗಳಲ್ಲಿ ಒಂದು ಸಡಿಲವಾದರೂ ಉಳಿದವುಗಳ ಬಿಗಿಯಿಂದ ಪ್ರಯೋಜನವಿಲ್ಲ. ಶೀಟು ಅಡ್ಡಪಟ್ಟಿಯ ಸಮೇತ ಹಾರಿಹೋಗುತ್ತದೆ. ಬಿರುಗಾಳಿ ಎದ್ದಾಗ ಅದು ಬೀಸುವ ಕಡೆಯ ಬಾಗಿಲು ಕಿಟಕಿಗಳನ್ನು ಮುಚ್ಚಬೇಕೆಂದು ಅಜ್ಜಿಯರು ಗದರುತ್ತಿದ್ದುದಕ್ಕೂ ಇಲ್ಲಿ ಕಾರಣವಿದೆ. ಒಳನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ಇನ್ನಷ್ಟು ನೂಕುತ್ತದೆ.

ಚಳಿಯ ದೇಶಗಳಲ್ಲಿ ಮಾಡಿನ ಕಷ್ಟ ಬೇರೆಯ ತೆರನಾದುದು. ಅಲ್ಲಿ ಹಿಮವು ಬಿದ್ದೊಡನೆ ಹರಿದುಹೋಗುವುದಿಲ್ಲ, ಕುಳಿತುಕೊಳ್ಳುತ್ತದೆ. ಮನೆಯನ್ನು ಬೆಚ್ಚಗಿಡಲು ಒಳಗೆ ಉರಿಸಿದ ಒಲೆಯ ಕಾವು ಮಾಡಿಗೆ ತಾಗಿ, ಹಿಮದ ಅಡಿಯ ಪದರ ಕರಗಿ ನೀರಾಗಿ ಇಳಿಯುತ್ತದೆ. ಸೂರಿನ ಕಡೆ ಕಾವಿಲ್ಲವಾದುದರಿಂದ ಅಲ್ಲಿ ಅದು ಮತ್ತೆ ಗಡ್ಡೆಕಟ್ಟಿ ಒಡ್ಡಿನಂತಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಹೊದಿಕೆಯ ಸಂದಿಗಳಲ್ಲಿ ಮೇಲ್ಮುಖವಾಗಿ ನುಗ್ಗಿ ಮನೆಯೊಳಗೆ ಸೋರುತ್ತದೆ. ಸೋರುವುದು ಮಳೆಯಿಂದಲ್ಲ, ಮನೆಯ ಬೆಚ್ಚನೆಯಿಂದ ಎಂಬುದು ವಿಚಿತ್ರವಲ್ಲವೆ? ಅದಕ್ಕಾಗಿ ಅವರು ಮಾಡಿನ ಅಡಿಯಲ್ಲಿ ಕಾವು ತಡೆಯುವ ದಪ್ಪ ಪದರವನ್ನು ಹಾಕುತ್ತಾರೆ. ನಮ್ಮ ದೇಶದಲ್ಲಿಯೇ ಹಿಮಾಚಲ ಪ್ರದೇಶದ ಕಾಂಗಡಾ, ಚಂಬಾ ಕಡೆಗಳಲ್ಲಿ ಬಂಡೆಯಿಂದ ಸೀಳಿದ ಕಲ್ಲಹಲಗೆಗಳನ್ನು ಮಾಡಿಗೆ ಹೊದಿಸುವುದನ್ನು ಕಾಣಬಹುದು. ಅಲ್ಲಿಯೂ ಬೇಸಗೆ ಮುಗಿಯುವ ಮುನ್ನವೇ ಜನ ಏಣಿ ಹಾಕಿ ಮೇಲೇರಿರುತ್ತಾರೆ.

ಬಿರುಗಾಳಿ ನಿಂತೊಡನೆ ಅವಸರದಿಂದ ಮಾಡು ಹತ್ತುವುದು ಸಲ್ಲದು. ಮೊದಲು ನೋಡಬೇಕಾದುದು ತುಂಡಾಗಿ ಬಿದ್ದ ವಿದ್ಯುತ್ ತಂತಿಯನ್ನು. ಅದನ್ನು ಮುಟ್ಟದೆ, ಯಾರನ್ನೂ ಹತ್ತಿರ ಬಿಡದೆ ಬೆಸ್ಕಾಂ ಕಚೇರಿಗೆ ತಿಳಿಸಬೇಕು. ತಂತಿಯು ತಗಡಿನ ಮಾಡಿಗೆ ತಾಗಿದ್ದರೆ ಇಡೀ ಮಾಡೇ ಕೊಲ್ಲುವ ವಸ್ತುವಾಗಿರುತ್ತದೆ. ಎರಡನೆಯದು ಹಳೆಯ ಸಿಮೆಂಟು ಶೀಟು. ಅದು ಗಟ್ಟಿಯಾಗಿ ಕಾಣುತ್ತದೆ. ಬಿಸಿಲು ಮಳೆಗೆ ಹಳತಾದ ಮೇಲೆ ಮನುಷ್ಯನ ಭಾರವನ್ನು ತಾಳದೆ ಥಟ್ಟನೆ ಒಡೆಯುತ್ತದೆ. ಅಡ್ಡಪಟ್ಟಿಗಳ ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆಯೇ ನಡೆಯಬೇಕು. ಅದರಲ್ಲಿರುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷಗಳ ಬಳಿಕ ಕ್ಯಾನ್ಸರಿಗೆ ಎಡೆಗೊಡಬಹುದು. ಕಲ್ನಾರಿನ ಎಲ್ಲ ಬಗೆಗಳೂ ಈ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಆದುದರಿಂದ ಒಡೆದ ಶೀಟನ್ನು ಗರಗಸದಿಂದ ಕೊಯ್ಯದೆ, ಕುಟ್ಟಿ ಪುಡಿಮಾಡದೆ, ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸುವುದು ಲೇಸು.

ಹಾನಿಯಾದ ಮನೆಯನ್ನು ಗ್ರಾಮ ಆಡಳಿತಾಧಿಕಾರಿಗಳು ಬಂದು ನೋಡಿ ಮಹಜರು ಬರೆಯುತ್ತಾರೆ. ಮಹಜರು ಆಗುವ ಮೊದಲೇ ಮನೆಯವರು ಬಿದ್ದುದನ್ನೆಲ್ಲ ಎತ್ತಿಹಾಕಿ ಸರಿಪಡಿಸಿದರೆ ಹಾನಿಗೆ ಸಾಕ್ಷಿ ಉಳಿಯುವುದಿಲ್ಲ. ಸರಿಪಡಿಸದೆ ಕಾದರೆ ಸಂಜೆಯ ಮಳೆ ಕಾಯುವುದಿಲ್ಲ. ಕೇಂದ್ರ ಗೃಹ ಸಚಿವಾಲಯವು ೨೦೨೨ರಲ್ಲಿ ನಾಲ್ಕು ವರ್ಷಗಳ ಅವಧಿಗೆ ಗೊತ್ತುಪಡಿಸಿದ ಪರಿಹಾರದ ಮಾನದಂಡದಂತೆ, ಗುಡಿಸಲಲ್ಲದ ಮನೆಗೆ ಭಾಗಶಃ ಹಾನಿಯ ಪರಿಹಾರ ದೊರೆಯಬೇಕಾದರೆ ಕಡೆಯ ಪಕ್ಷ ಶೇಕಡಾ ೧೫ರಷ್ಟು ಹಾನಿಯಾಗಿರಬೇಕು. ಪಕ್ಕಾ ಮನೆಗೆ ೬,೫೦೦ ರೂಪಾಯಿ, ಕಚ್ಚಾ ಮನೆಗೆ ೪,೦೦೦ ರೂಪಾಯಿ. ಗೆರೆಯೊಂದನ್ನು ಎಲ್ಲಿಯಾದರೂ ಎಳೆಯಲೇಬೇಕಷ್ಟೆ. ಆದರೆ ಐವತ್ತು ಹೆಂಚು ಕಳೆದುಕೊಂಡ ಬಡವಿಯ ಮನೆ ಆ ಗೆರೆಯ ಈಚೆಗೇ ಉಳಿದುಬಿಡುತ್ತದೆ. ಸೋರುವ ನೀರು ಶೇಕಡಾವಾರು ಲೆಕ್ಕವನ್ನು ನೋಡುವುದಿಲ್ಲ. ಹಿಂದೆ ಇಂತಹ ಹೊತ್ತಿನಲ್ಲಿ ನೆರೆಹೊರೆಯವರು ತಮ್ಮ ಹಿತ್ತಿಲಿನ ಗೋಡೆಗೆ ಒರಗಿಸಿಟ್ಟ ಮಿಗುತಾಯದ ಹೆಂಚುಗಳನ್ನು ಕೊಡುತ್ತಿದ್ದರು. ಹೆಂಚಿನ ಮನೆಯಿದ್ದವರು ನೂರು ಇನ್ನೂರು ಹೆಂಚನ್ನು ಹಾಗೆ ಇಟ್ಟುಕೊಂಡಿರುವುದು ಒಂದು ಪದ್ಧತಿಯೇ ಆಗಿತ್ತು. ಒಂದೇ ಅಚ್ಚಿನ ಹೆಂಚು ಮುಂದೆ ಸಿಗಲಾರದೆಂಬುದು ಅವರಿಗೆ ಗೊತ್ತಿತ್ತು. ಬೇರೆ ಕಾರ್ಖಾನೆಯ ಹೆಂಚಿನ ಏಣು ಇದರ ಗಾಡಿಯಲ್ಲಿ ಸರಿಯಾಗಿ ಕೂರುವುದಿಲ್ಲ.

ಕೈಯಾಡಿಸಿ ಮುಗಿದ ಮೇಲೆ ಅಂಗಳದಲ್ಲಿ ಒಡಕು ಹೆಂಚಿನ ಒಂದು ಗುಡ್ಡೆ ಉಳಿಯುತ್ತದೆ. ಅದೂ ಹಾಳಾಗುವುದಿಲ್ಲ. ಹಿಂದೆ ಅದನ್ನು ಕುಟ್ಟಿ ಪುಡಿಮಾಡಿ, ಸುಣ್ಣದೊಡನೆ ಬೆರೆಸಿ ಗಾರೆ ಅರೆಯುತ್ತಿದ್ದರು; ಸುಟ್ಟ ಮಣ್ಣಿನ ಆ ಪುಡಿ ಸುಣ್ಣಕ್ಕೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣವನ್ನು ಕೊಡುತ್ತದೆ. ಅಂಗಳದ ಕೆಸರಿಗೆ ಹಾಸುವವರೂ ಉಂಟು. ಆದರೆ ಯಾರು ಏನು ಮಾಡುವುದಕ್ಕೂ ಮೊದಲು ಬೀದಿಯ ಮಕ್ಕಳು ಅಲ್ಲಿ ಸೇರಿ, ಲಗೋರಿಗೆ ಏಳು ಚಪ್ಪಟೆ ಚೂರುಗಳನ್ನೂ, ಕುಂಟೆಬಿಲ್ಲೆಗೆ ಕಾಲಿಗೆ ತಾಗದಂತೆ ಅಂಚು ಉಜ್ಜಿದ ನುಣುಪಾದ ಒಂದೊಂದು ಬಿಲ್ಲೆಯನ್ನೂ ಆರಿಸಿಕೊಂಡು ಹೋಗಿರುತ್ತಾರೆ.